ಮುಂದೆ ರಸ್ತೆ ಹೇಗಿದೆ?

ಪುನರ್ವಸು ಮಳೆ ಹಿಡಿದು ಮೂರನೆಯ ದಿನ. ಚಿಕ್ಕಮಗಳೂರಿನಲ್ಲಿ ಮೂರು ದಿನ ಬಿಡದೆ ಸುರಿದರೆ ಗಂಡಸರಿಗೆ ಮನೆಯಲ್ಲಿ ಜಾಗ ಸಾಲುವುದಿಲ್ಲ. ಒಗೆದ ಬಟ್ಟೆಗಳೆಲ್ಲ ನಡುಮನೆಗೆ ಬಂದು ಹಗ್ಗ ಹತ್ತುತ್ತವೆ. ಅವಕ್ಕೆ ಜಾಗ ಬಿಟ್ಟುಕೊಟ್ಟು ನಾವು ಇಸ್ಮಾಯಿಲಣ್ಣನ ಗ್ಯಾರೇಜ್ ಶೆಡ್ಡಿಗೆ ಬಂದು ಕೂರುತ್ತೇವೆ. ಮಳೆಗಾಲದಲ್ಲಿ ಅಲ್ಲಿ ಕೆಲಸ ಕಡಿಮೆ, ತಗಡಿನ ಸದ್ದು ಜಾಸ್ತಿ. ಹೀಗಾಗಿ ಎಲ್ಲರೂ ಕೂಗಿಯೇ ಮಾತನಾಡಬೇಕು. ಕೂಗಿ ಹೇಳಿದರೆ ಎಂಥ ಸುಳ್ಳಿಗೂ ಸ್ವಲ್ಪ ತೂಕ ಬರುತ್ತದೆ.

ಕೂರುವ ವ್ಯವಸ್ಥೆಯಲ್ಲಿ ಬದಲಾವಣೆಯಿಲ್ಲ. ಮೇಷ್ಟ್ರಿಗೆ ಪ್ಲಾಸ್ಟಿಕ್ ಕುರ್ಚಿ, ಏಕೆಂದರೆ ಅವರು ಭೂಗೋಳ ಕಲಿಸಿ ನಿವೃತ್ತರಾದವರು. ರೈಟರಿಗೆ ಹಳೆಯ ಸ್ಕೂಟರಿನ ಸೀಟು. ರೈಟರು ಎಂದರೆ ಸಾಹಿತಿಯಲ್ಲ, ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವವರು. ಮೂವತ್ತೈದು ವರ್ಷ ಆಳುಗಳ ಹಾಜರಿ ಬರೆದು ಈಗ ನಮ್ಮ ಹಾಜರಿ ತೆಗೆದುಕೊಳ್ಳುತ್ತಾರೆ. ಹೋಂಸ್ಟೇ ನಡೆಸುವ ಸುರೇಶನಿಗೆ ಬೋರಲು ಹಾಕಿದ ಆಯಿಲ್ ಡಬ್ಬ. ನನಗೆ ಟಯರು.

ಹನ್ನೊಂದರ ಸುಮಾರಿಗೆ ಒಂದು ಬೈಕು ಬಂದು ನಿಂತಿತು. ಎರಡು ಪಕ್ಕದಲ್ಲಿ ಪೆಟ್ಟಿಗೆ, ಹಿಂದೆ ಹಳದಿ ಟಾರ್ಪಾಲಿನಲ್ಲಿ ಸುತ್ತಿದ ಗಂಟು, ಗುಜರಾತಿನ ನಂಬರು. ಸವಾರ ಹೆಲ್ಮೆಟ್ ತೆಗೆದ. ಗಡ್ಡದಿಂದ ನೀರು ಸೂರಿನಿಂದ ಇಳಿದ ಹಾಗೆ ಇಳಿಯುತ್ತಿತ್ತು. ಪಕ್ಕದ ಹೋಟೆಲಿನಿಂದ ಟೀ ಬಂತು. ಎರಡೂ ಕೈಯಲ್ಲಿ ಲೋಟ ಹಿಡಿದು, ಕುಡಿಯುವುದಕ್ಕಿಂತ ಹೆಚ್ಚಾಗಿ ಕೈ ಕಾಯಿಸಿಕೊಳ್ಳುತ್ತ, ಹಿಂದಿಯಲ್ಲಿ ಕೇಳಿದ: "ಚಾರ್ಮಾಡಿ ಕಡೆಗೆ ಹೋಗಬೇಕು. ಮುಂದೆ ರಸ್ತೆ ಹೇಗಿದೆ?"

ಪಾಪ, ಗಡಿಯಾರವಿಲ್ಲದ ಊರಿನಲ್ಲಿ ಗಂಟೆ ಕೇಳಿದ ಹಾಗಾಯಿತು.

"ಒಳ್ಳೆಯ ರಸ್ತೆ. ಕಣ್ಣು ಮುಚ್ಚಿಕೊಂಡು ಹೋಗಬಹುದು" ಎಂದರು ರೈಟರು.

"2019ರ ಆಗಸ್ಟಿನಲ್ಲಿ ಘಾಟಿ ಕುಸಿದದ್ದು ಗೊತ್ತಿಲ್ಲವೇ? ಕಣ್ಣು ಬಿಟ್ಟುಕೊಂಡೇ ಹೋಗಬೇಕು. ಮೂಡಿಗೆರೆ, ಆಮೇಲೆ ಕೊಟ್ಟಿಗೆಹಾರ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಯೋಚಿಸಬೇಕು" ಎಂದರು ಮೇಷ್ಟ್ರು.

"ಅದಕ್ಕಿಂತ ಸಕಲೇಶಪುರಕ್ಕೆ ಹೋಗಿ ಬಿಸಿಲೆ ಘಾಟಿ ಇಳಿಯುವುದು ಚೆಂದ" ಎಂದೆ ನಾನು. ಅವನು ಕೇಳಿದ್ದು ಚೆಂದವನ್ನಲ್ಲ, ದಾರಿಯನ್ನು. ಅದು ನನಗೆ ಆಮೇಲೆ ಹೊಳೆಯಿತು.

"ಆಲ್ದೂರಿನ ಮೇಲೆ ಹೋದರೆ ಹತ್ತಿರ" ಎಂದರು ರೈಟರು, ತಮ್ಮ ಒಳ್ಳೆಯ ರಸ್ತೆಯನ್ನು ತಾವೇ ಮರೆತು.

"ಇವತ್ತು ಹೋಗುವುದೇ ಬೇಡ. ನಮ್ಮಲ್ಲಿ ರೂಮಿದೆ, ಬಿಸಿನೀರಿದೆ" ಎಂದ ಸುರೇಶ. ಬೈಕಿನ ಸದ್ದು ಕೇಳಿದರೆ ಸಾಕು, ಅವನಿಗೆ ಖಾಲಿ ರೂಮು ನೆನಪಾಗುತ್ತದೆ.

ಇಸ್ಮಾಯಿಲಣ್ಣ ಮಾತ್ರ ರಸ್ತೆಯ ವಿಚಾರಕ್ಕೆ ಹೋಗಲಿಲ್ಲ. ಕುಕ್ಕರುಗಾಲಿನಲ್ಲಿ ಕೂತು ಚೈನನ್ನು ಬೆರಳಿನಿಂದ ಎತ್ತಿ ನೋಡಿ, ಜೋತುಬಿದ್ದಿದೆ ಎಂದು ಸ್ಪ್ಯಾನರ್ ತಂದು ಬಿಗಿ ಮಾಡಿದ. ದುಡ್ಡು ಕೊಡಲು ಬಂದರೆ ಕೈ ಆಡಿಸಿಬಿಟ್ಟ. ಗುಜರಾತಿನವನು ಐದು ಜನಕ್ಕೂ ಐದು ಸಲ ಕೈಮುಗಿದು ಹೊರಟುಹೋದ. ಹತ್ತು ನಿಮಿಷದ ಸಮಾಚಾರ. ಆಮೇಲೆ ನೋಡಿದರೆ ಬೆಂಚಿನ ಮೇಲೆ ಅವನ ಎಡಗೈ ಗವಸು ಒದ್ದೆಯಾಗಿ ಬಿದ್ದಿದೆ.

ಶೆಡ್ಡಿನ ಕಂಬದಲ್ಲಿ ಒಂದು ಮೊಳೆಯಿದೆ. ದಾರಿಹೋಕರು ಬಿಟ್ಟುಹೋದ ಸಾಮಾನೆಲ್ಲ ಅಲ್ಲಿಗೇ. ಸದ್ಯಕ್ಕೆ ಒಂದು ಕಪ್ಪು ಕನ್ನಡಕ, ಕೊಕ್ಕೆಯಿರುವ ರಬ್ಬರ್ ಹಗ್ಗ, ಯಾವ ಬೀಗದ್ದೋ ಗೊತ್ತಿಲ್ಲದ ಕೀಲಿಕೈ. ಗವಸೂ ಅದರ ಪಕ್ಕಕ್ಕೆ ಸೇರಿತು. ಚರ್ಚೆಗೆ ವಸ್ತು ಸಿಕ್ಕಂತಾಯಿತು.

"ನಾವು ಅವನಿಗೆ ಸರಿಯಾಗಿ ದಾರಿ ಹೇಳಲಿಲ್ಲ" ಎಂದೆ ನಾನು.

"ಹೇಳಿದೆವು. ಹೆಚ್ಚಾಗಿ ಹೇಳಿದೆವು" ಎಂದರು ಮೇಷ್ಟ್ರು. "ಮಲೆನಾಡಿನ ಭಾಷೆ ಅವನಿಗೆ ತಿಳಿಯಬೇಕಲ್ಲ."

ಅದು ನಿಜ. ನಮ್ಮ ಕಡೆ ರಸ್ತೆ ‘ಚೆನ್ನಾಗಿದೆ’ ಎಂದರೆ, ಹೇಳುವವನು ಆ ದಿಕ್ಕಿಗೆ ಹೋಗಿ ಎರಡು ವರ್ಷವಾಗಿದೆ ಎಂದರ್ಥ. ‘ಪರವಾಗಿಲ್ಲ’ ಎಂದರೆ ಹೋದವರು ಬದುಕಿ ಬಂದಿದ್ದಾರೆ. ‘ಸ್ವಲ್ಪ ಹಾಳಾಗಿದೆ’ ಎಂದರೆ ಅಲ್ಲಿ ಹಿಂದೆ ರಸ್ತೆಯಿತ್ತು. ‘ಇಲ್ಲೇ, ಒಂದು ಕೂಗಳತೆ’ ಎಂದರೆ ಬುತ್ತಿ ಕಟ್ಟಿಕೊಂಡು ಹೊರಡುವುದು ಒಳ್ಳೆಯದು.

"ಎದುರಿನಿಂದ ಬರುವ ಬೈಕಿನವನು ಮಾತ್ರ ಸುಳ್ಳು ಹೇಳುವುದಿಲ್ಲ" ಎಂದು ನಾನು ಶುರುಮಾಡಿದೆ. "ಅವನು ಬಂದ ದಾರಿಯೇ ನಾವು ಹೋಗುವ ದಾರಿ. ನಾವು ಬಂದದ್ದೇ ಅವನು ಹೋಗುವುದು. ನಾನು ಲೇಹ್‌ಗೆ ಹೋಗಿದ್ದಾಗ..."

ರೈಟರು ಕಣ್ಣು ಮುಚ್ಚಿದರು. ಸುರೇಶ ಮೊಬೈಲ್ ತೆಗೆದ. ನಾನು ಲೇಹ್‌ಗೆ ಹೋಗಿ ಬಂದದ್ದು ಒಂದು ಸಲ, ಆ ಕಥೆ ಈ ಶೆಡ್ಡಿಗೆ ಹೋಗಿ ಬಂದದ್ದು ನೂರು ಸಲ. ಆದರೂ ಓದುಗರಿಗೆ ಹೊಸದಲ್ಲವೇ?

ಮನಾಲಿಯಿಂದ ಹೊರಟರೆ ತಾಂಡಿ ಎಂಬಲ್ಲಿ ಒಂದು ಬಂಕು. ‘ಮುಂದಿನ ಬಂಕು 365 ಕಿಲೋಮೀಟರ್’ ಎಂದು ಅಲ್ಲೊಂದು ಬೋರ್ಡಿತ್ತು. ವರ್ಷಕ್ಕೆ ಎಷ್ಟು ದಿನವೋ ಅಷ್ಟು ಕಿಲೋಮೀಟರ್. ಓದಿದ ಕೂಡಲೇ ಟ್ಯಾಂಕು ತುಂಬಿಸಿದೆ, ಕ್ಯಾನು ತುಂಬಿಸಿದೆ, ನೀರಿನ ಬಾಟಲಿಯನ್ನೂ ಖಾಲಿ ಮಾಡಿ ತುಂಬಿಸಲು ಹೊರಟವನನ್ನು ಬಂಕಿನ ಹುಡುಗ ತಡೆದ. ಮಾರನೆಯ ದಿನ ಬಾರಾಲಾಚಾ ಘಾಟಿ ಏರುವುದಕ್ಕೆ ಮುಂಚೆ, ಮರವಿಲ್ಲ, ಮನೆಯಿಲ್ಲ, ಕಲ್ಲು ಮತ್ತು ಆಕಾಶ ಮಾತ್ರ, ಅಂಥ ಕಡೆ ಒಬ್ಬ ಬಂಡೆಯ ಮೇಲೆ ಕೂತು ಬೂಟು ಬೋರಲು ಹಿಡಿದು ನೀರು ಸುರಿಯುತ್ತಿದ್ದ. ಎರಡು ಕಾಲುಚೀಲಗಳು ಹ್ಯಾಂಡಲಿನ ಎರಡು ಕನ್ನಡಿಗಳಿಗೆ ನೇತುಬಿದ್ದಿದ್ದವು.

ಅವನು ನಮಸ್ಕಾರ ಹೇಳಲಿಲ್ಲ. "ಈಗ ಗಂಟೆ ಎಷ್ಟು?" ಎಂದ.

"ಎರಡು."

"ಹಾಗಾದರೆ ಇಲ್ಲೇ ಎಲ್ಲಾದರೂ ಉಳಿ. ನಾಳೆ ಬೆಳಿಗ್ಗೆ ದಾಟು."

ಬಿಸಿಲಿಗೆ ಮೇಲಿನ ಹಿಮ ಕರಗಿ ಬೆಳಗಿನ ತೊರೆ ಮಧ್ಯಾಹ್ನಕ್ಕೆ ಹೊಳೆಯಾಗುತ್ತದೆಯಂತೆ. ರಾತ್ರಿ ಚಳಿಗೆ ಮತ್ತೆ ಕುಗ್ಗುತ್ತದೆಯಂತೆ. ನಾನು ಮಲೆನಾಡಿನವನು. ತುಂಬಿದ ಭದ್ರೆಯನ್ನು ಕಂಡವನು, ಇವನೇನು ನನಗೆ ನೀರಿನ ಪಾಠ ಹೇಳುವುದು ಎಂದುಕೊಂಡೆ. ಅವನು ವಾದ ಮಾಡಲಿಲ್ಲ. ಎದ್ದು ನಿಂತು ಪ್ಯಾಂಟಿನ ಮೇಲೆ ಒದ್ದೆಯಾದ ಗೆರೆಯನ್ನು ಬೆರಳಿನಿಂದ ತೋರಿಸಿದ. ತೊಡೆಯ ಅರ್ಧಕ್ಕಿತ್ತು. ನಾನು ಗಾಡಿ ತಿರುಗಿಸಿದೆ. ಮರುದಿನ ಏಳು ಗಂಟೆಗೆ ಅದೇ ನೀರು ಹಿಮ್ಮಡಿಯನ್ನೂ ಮುಳುಗಿಸಲಿಲ್ಲ.

ಪ್ರತಿಯಾಗಿ ನಾನು ಕೊಟ್ಟದ್ದು ಅಮ್ಮ ಕಟ್ಟಿಕೊಟ್ಟಿದ್ದ ಕೋಡುಬಳೆ. ಮೂರು ಸಾವಿರ ಕಿಲೋಮೀಟರ್ ಕುಲುಕಾಟಕ್ಕೆ ಅದು ಹಿಟ್ಟಾಗಿತ್ತು. ನಮ್ಮ ಕಡೆಯ ಯಾವುದೋ ಪೌಷ್ಟಿಕ ಪುಡಿ ಎಂದುಕೊಂಡು ಅವನು ನೀರಿನಲ್ಲಿ ಕಲಸಿ ತಿಂದ, ಬಹಳ ಗೌರವದಿಂದ.

"ಅವನ ಹೆಸರೇನು?" ಎಂದರು ಮೇಷ್ಟ್ರು. ಪ್ರತಿ ಸಲವೂ ಕೇಳುತ್ತಾರೆ.

"ಕೇಳಲಿಲ್ಲ. ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದೆ."

"ಅಲ್ಲಿ ಗಾಡಿಗೂ ಉಸಿರು ಕಟ್ಟುತ್ತದೆ" ಎಂದು ಇಸ್ಮಾಯಿಲಣ್ಣ ಮಧ್ಯೆ ಬಂದ. "ಲೇಹ್ ಹತ್ತಿರದ ಖರ್ದುಂಗ್ಲಾ ಘಾಟಿಯ ಮೇಲೆ ಗಾಳಿಯ ಒತ್ತಡ ಕಡಲತೀರದ ಅರ್ಧದಷ್ಟು. ಕಾರ್ಬುರೇಟರಿಗೆ ಅದೇನು ಗೊತ್ತು? ಅದು ಪೆಟ್ರೋಲನ್ನು ಮಾಮೂಲಿನಂತೆ ಬಿಡುತ್ತದೆ, ಗಾಳಿ ಸಾಲುವುದಿಲ್ಲ, ಪ್ಲಗ್ ಮಸಿಯಾಗುತ್ತದೆ. ಹೊಸ ಗಾಡಿಗಳಲ್ಲಿ ಗಾಳಿ ನೋಡಿ ಪೆಟ್ರೋಲ್ ಅಳೆದು ಬಿಡುವ ಯಂತ್ರ ಬಂದಿದೆ. ಅದಕ್ಕೇ ಈಗ ದಾರಿಯಲ್ಲಿ ಯಾರೂ ಪ್ಲಗ್ ಬಿಚ್ಚಿಕೊಂಡು ಕೂತಿರುವುದಿಲ್ಲ. ಯಾರಿಗೆ ಯಾರೂ ಸಿಗುವುದೂ ಇಲ್ಲ."

ಇದೊಂದು ಮಾತು ನನಗೆ ಹಿಡಿಸಿತು. ಗಾಡಿ ಕೆಡದಿದ್ದರೆ ಮನುಷ್ಯ ನಿಲ್ಲುವುದಿಲ್ಲ, ನಿಲ್ಲದಿದ್ದರೆ ಯಾರ ಮುಖವೂ ಕಾಣುವುದಿಲ್ಲ. ನನ್ನ ಗಾಡಿಯ ಕಂಪನಿ ಯಾವುದೆಂದು ಹೇಳುವುದಿಲ್ಲ, ಅದಕ್ಕೂ ಮಾನವಿದೆ. ಆದರೆ ಅದರ ಕೃಪೆಯಿಂದ ನನಗೆ ದೇಶದ ತುಂಬ ಪರಿಚಯವಿದೆ.

"ಖರ್ದುಂಗ್ಲಾದ ಬೋರ್ಡಿನಲ್ಲಿ 18,380 ಅಡಿ ಎಂದು ಬರೆದಿದ್ದರಲ್ಲ, ಆಮೇಲೆ ಅಳೆದವರಿಗೆ ಸಿಕ್ಕಿದ್ದು 17,582" ಎಂದರು ಮೇಷ್ಟ್ರು. "ಹೆಚ್ಚುಕಡಿಮೆ ಎಂಟುನೂರು ಅಡಿ ಬರೀ ಬಾಯಿಮಾತು. ಅಲ್ಲಿಯೂ ನಮ್ಮ ರೈಟರಂಥವರು ಯಾರೋ ಇದ್ದಾರೆ."

ರೈಟರು ಇದಕ್ಕೆ ಸೊಪ್ಪು ಹಾಕಲಿಲ್ಲ. ಅವರಿಗೆ ಯೆಜ್ಡಿ ಬಿಟ್ಟು ಬೇರೆ ಗಾಡಿ ಗಾಡಿಯಲ್ಲ. "ಅದನ್ನು ಮಾಡುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೈಸೂರಿನಲ್ಲಿ ಶುರುವಾಯಿತು, 1996ರಲ್ಲಿ ಮುಚ್ಚಿತು. ಮೈಸೂರಿನವರು ಕೈಬಿಟ್ಟರು, ನಾನು ಬಿಡಲಿಲ್ಲ" ಎನ್ನುತ್ತಾರೆ. ಆ ಗಾಡಿಯಲ್ಲಿ ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್. ಕೆಮ್ಮಣ್ಣುಗುಂಡಿಯಲ್ಲಿ ಬೆಂಗಳೂರಿನ ಹುಡುಗನೊಬ್ಬ ಗಾಡಿಯನ್ನು ಮೂರು ಸುತ್ತು ಸುತ್ತಿ, "ಅಂಕಲ್, ನಿಮ್ಮ ಕಿಕ್ಕರ್ ಎಲ್ಲೋ ಬಿದ್ದುಹೋಗಿದೆ" ಎಂದು ಕನಿಕರದಿಂದ ಹೇಳಿದನಂತೆ. ರೈಟರೂ ಸುಮ್ಮನೆ ಅವನ ಜೊತೆ ಕಾಲು ಗಂಟೆ ಹುಡುಕಿದರಂತೆ.

"ಅದು ಬಿಡಿ. ಸಂತವೇರಿ ತಿರುವಿನಲ್ಲಿ ಒಮ್ಮೆ ಎದುರಿನಿಂದ ಇನ್ನೊಂದು ಯೆಜ್ಡಿ ಬಂತು. ನಾನೂ ನಿಲ್ಲಿಸಿದೆ, ಅವನೂ ನಿಲ್ಲಿಸಿದ. ಊರು, ಹೆಸರು ಏನೂ ಇಲ್ಲ. ಸೀದಾ ಕೇಳಿದೆ: ಸೈಲೆನ್ಸರ್ ಎಲ್ಲಿ ಸಿಕ್ಕಿತು?"

"ಹೇಳಿದನೇ?"

"ಹೇಳುತ್ತಾನೆಯೇ? ಅಣಬೆ ಏಳುವ ಜಾಗವನ್ನು ಯಾರಾದರೂ ಬಾಯಿ ಬಿಡುತ್ತಾರೆಯೇ? ‘ಅಲ್ಲೇ ಎಲ್ಲೋ ಸಿಕ್ಕಿತು’ ಎಂದ. ನಾನೂ ಅವನಿಗೆ ಪಿಸ್ಟನ್ ರಿಂಗ್ ಸಿಕ್ಕಿದ ಅಂಗಡಿ ಹೇಳಲಿಲ್ಲ. ಮರ್ಯಾದೆಯಾಗಿ ಬೀಳ್ಕೊಂಡೆವು."

ಮಾತು ಕೈಬೀಸುವ ವಿಷಯಕ್ಕೆ ಹೊರಳಿತು. ದೂರದ ಸವಾರರು ಎದುರಾದಾಗ ಎಡಗೈ ಬೀಸುತ್ತಾರೆ, ಏಕೆಂದರೆ ಬಲಗೈಯಲ್ಲಿ ಆಕ್ಸಿಲರೇಟರ್ ಇರುತ್ತದೆ. ರಸ್ತೆಯ ಬಲಗಡೆ ಓಡಿಸುವ ದೇಶಗಳಲ್ಲಿ ಎದುರಿನವನು ಹಾಯುವುದೂ ಎಡಕ್ಕೇ. ಎರಡು ಬೆರಳು ಕೆಳಗೆ ಚಾಚಿದರೂ ಸಾಕು, ಅವನಿಗೆ ಕಾಣುತ್ತದೆ. ನಾವು ಎಡಗಡೆ ಓಡಿಸುವವರು. ಎದುರಿನವನು ಬಲಕ್ಕೆ ಹಾಯುತ್ತಾನೆ, ನಮ್ಮ ಎಡಗೈ ಚರಂಡಿಯ ಕಡೆ ಬೀಸುತ್ತಿರುತ್ತದೆ. ಅವನಿಗೆ ಕಾಣಬೇಕಾದರೆ ತಲೆಯ ಮೇಲಕ್ಕೆ ಎತ್ತಬೇಕು, ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನಂತೆ. ಫ್ರಾನ್ಸಿನಲ್ಲಿ ದಾರಿ ಬಿಟ್ಟ ಕಾರಿನವನಿಗೆ ಬೈಕಿನವರು ಬಲಗಾಲು ಚಾಚಿ ಧನ್ಯವಾದ ಹೇಳುತ್ತಾರೆ. ಇದನ್ನು ಹೇಳಿದಾಗ ಇಸ್ಮಾಯಿಲಣ್ಣ ನಂಬಲಿಲ್ಲ. "ಇಲ್ಲಿ ಕಾಲು ಚಾಚಿದರೆ ಬ್ರೇಕ್ ಹಿಡಿಯುತ್ತಿಲ್ಲ ಎಂದು ಅರ್ಥ" ಎಂದ.

ಲೇಹ್‌ನಿಂದ ಬಂದ ಹೊಸದರಲ್ಲಿ ನನಗೆ ಕೈ ಎತ್ತುವ ಚಟ ಹತ್ತಿತ್ತು. ಆಲ್ದೂರು ರಸ್ತೆಯಲ್ಲಿ ಟಿವಿಎಸ್ ಎಕ್ಸೆಲ್ ಮೇಲೆ ಎರಡು ಬಾಳೆಗೊನೆ ಹೇರಿಕೊಂಡು ಬರುತ್ತಿದ್ದ ಹಿರಿಯರೊಬ್ಬರಿಗೂ ಎತ್ತಿಬಿಟ್ಟೆ. ಕನ್ನಡಿಯಲ್ಲಿ ನೋಡಿದರೆ ಅವರು ಗಾಡಿ ತಿರುಗಿಸುತ್ತಿದ್ದಾರೆ. ಗೊನೆ ಸಮೇತ ಹಿಂದೆ ಬಂದು ನನ್ನನ್ನು ನಿಲ್ಲಿಸಿ, "ಯಾರು, ಗೊತ್ತಾಗಲಿಲ್ಲವಲ್ಲ?" ಎಂದರು. ಸುಮ್ಮನೆ ಎತ್ತಿದೆ ಎಂದರೆ ಒಪ್ಪಲಿಲ್ಲ. ಸುಮ್ಮನೆ ಯಾರಾದರೂ ಕೈ ಎತ್ತುತ್ತಾರೆಯೇ? ಯಾರ ಮಗ, ಯಾವ ಊರು, ತಾಯಿಯ ತವರು ಎಲ್ಲಿ ಎಂದು ಬಿಡಿಸುತ್ತ ಹೋಗಿ, ಕೊನೆಗೆ ನಮ್ಮ ಅತ್ತೆಯ ಓರಗಿತ್ತಿಯ ಕಡೆಯಿಂದ ಸಂಬಂಧ ಹಿಡಿದೇಬಿಟ್ಟರು. ಮುಂದಿನ ತಿಂಗಳು ಅವರ ಮನೆಯ ಗೃಹಪ್ರವೇಶಕ್ಕೆ ಹೋಗಿ ಮುಯ್ಯಿ ಕೊಟ್ಟು ಬಂದೆ. ಅಂದಿನಿಂದ ಜಿಲ್ಲೆಯ ಗಡಿ ದಾಟುವವರೆಗೆ ಎರಡೂ ಕೈ ಹ್ಯಾಂಡಲಿನ ಮೇಲೇ ಇರುತ್ತವೆ.

"ಇವೆಲ್ಲ ಏನು ದೊಡ್ಡದು" ಎಂದು ಸುರೇಶ ಮೊಬೈಲಿನಿಂದ ತಲೆಯೆತ್ತಿದ. "ಅರ್ಜೆಂಟೀನಾದ ಎಮಿಲಿಯೊ ಸ್ಕಾಟೊ ಎಂಬುವನು 1985ರಲ್ಲಿ ಹೊರಟು ಹತ್ತು ವರ್ಷ ಬೈಕಿನಲ್ಲೇ ಸುತ್ತಿದನಂತೆ. 7,35,000 ಕಿಲೋಮೀಟರ್. ಗಿನ್ನೆಸ್ ದಾಖಲೆ."

ರೈಟರು ನೆಲದ ಮೇಲಿನ ಗ್ರೀಸಿನಲ್ಲಿ ಬೆರಳಾಡಿಸಿ ಲೆಕ್ಕ ಹಾಕಿದರು. "ಇಲ್ಲಿಂದ ಬೆಂಗಳೂರಿಗೆ 245 ಎಂದು ಇಟ್ಟುಕೊಳ್ಳಿ. ಮೂರು ಸಾವಿರ ಸಲ ಹೋದ ಹಾಗಾಯಿತು. ನಮ್ಮ ಬಸ್ಸಿನ ಡ್ರೈವರ್ ರಜೆ ಹಾಕದೆ ದಿನಕ್ಕೆ ಒಂದು ಸಲ ಹೋದರೂ ಎಂಟು ವರ್ಷ ಚಿಲ್ಲರೆಯಲ್ಲಿ ಮುಗಿಸುತ್ತಾನೆ. ಅದೂ ಐವತ್ತು ಜನರ ಬೈಗುಳ ಕೇಳಿಕೊಂಡು. ಅವನಿಗೆ ಗಿನ್ನೆಸ್ ಎಲ್ಲಿ?"

"ಲಂಡನ್ನಿನಿಂದ ಟೆಡ್ ಸೈಮನ್ 1973ರಲ್ಲಿ ಟ್ರಯಂಫ್ ಬೈಕು ಹತ್ತಿ ಹೊರಟವನು, ನಾಲ್ಕು ವರ್ಷ ಜಗತ್ತು ಸುತ್ತಿದ, ಭಾರತಕ್ಕೂ ಬಂದಿದ್ದ" ಎಂದು ನಾನು ಸೇರಿಸಿದೆ.

"ಅವರಿಗೆಲ್ಲ ಮೊದಲು ನಮ್ಮ ಬಾಬಾ ಬುಡನ್" ಎಂದರು ಮೇಷ್ಟ್ರು. "ಯೆಮನ್ನಿನಿಂದ ಏಳು ಕಾಫಿ ಬೀಜ ಮುಚ್ಚಿಟ್ಟುಕೊಂಡು ಇಲ್ಲಿಯವರೆಗೆ ತಂದರು ಎಂದು ಪ್ರತೀತಿ. ದಾರಿಯಲ್ಲಿ ಸಿಕ್ಕವರ ಜೊತೆಗೆಲ್ಲ ನಿಮ್ಮ ಹಾಗೆ ಕೋಡುಬಳೆ ಹಂಚಿಕೊಂಡು ಕೂತಿದ್ದರೆ ಏಳರಲ್ಲಿ ಒಂದೂ ಉಳಿಯುತ್ತಿರಲಿಲ್ಲ. ರೈಟರು ಬೇರೆ ಕೆಲಸ ಹುಡುಕಬೇಕಾಗುತ್ತಿತ್ತು."

ಮೇಷ್ಟ್ರು ಒಮ್ಮೆ ಬಾಯಿ ಬಿಟ್ಟರೆ ಪಾಠ ಮುಗಿಯುವವರೆಗೆ ಗಂಟೆ ಹೊಡೆಯುವುದಿಲ್ಲ. ಬಿಸಿಲೆ ಕಡೆ ಒಂದು ಕಲ್ಲಿದೆಯಲ್ಲ, ಇತ್ತ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಅತ್ತ ಬಿದ್ದದ್ದು ಬಂಗಾಳ ಕೊಲ್ಲಿಗೆ ಎಂದು ಸೂಚಿಸುವ ಕಲ್ಲು, ಅಲ್ಲಿಗೆ ಹೋದರು. ಎರಡು ಹನಿ ಆ ಕಲ್ಲಿನ ನೆತ್ತಿಯ ಮೇಲೆ ಒಂದು ಕ್ಷಣ ಅಕ್ಕಪಕ್ಕ ಕೂರುತ್ತವೆ, ಆಮೇಲೆ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ದಾರಿಯ ಸ್ನೇಹವೂ ಅಷ್ಟೇ. ಕಡಲಿನಲ್ಲಿ ತೇಲುವ ಎರಡು ಮರದ ತುಂಡು ತಾಗಿ ಅಗಲಿದ ಹಾಗೆ.

"ಮರದ ತುಂಡಿಗೆ ಕ್ಲಚ್ ಕೇಬಲ್ ಇರುವುದಿಲ್ಲ ಮೇಷ್ಟ್ರೇ" ಎಂದ ಇಸ್ಮಾಯಿಲಣ್ಣ.

"ನಾನು ಹೇಳುವುದು ಇಷ್ಟೇ. ಅಂಥವರು ಒಂದೇ ಸಲ ಸಿಗಬೇಕು. ಎರಡನೆಯ ಸಲ ಸಿಕ್ಕರೆ ಸ್ನೇಹ ಹೋಗಿ ವ್ಯವಹಾರ ಶುರುವಾಗುತ್ತದೆ."

ಇದಕ್ಕೆ ನಾನೇ ಸಾಕ್ಷಿ. ಲೇಹ್ ದಾರಿಯಲ್ಲಿ ಸರ್ಚುವಿನ ಡೇರೆಯ ಮುಂದೆ ನಮ್ಮ ಜಿಲ್ಲೆಯ ಕೆಎ 18 ನಂಬರಿನ ಗಾಡಿ ಕಂಡು ನನಗೆ ಕಣ್ಣೀರು ಬಂದಿತ್ತು. ಅದರ ಯಜಮಾನನನ್ನು ಹುಡುಕಿ ಅಪ್ಪಿಕೊಂಡೆ. ನೋಡಿದರೆ ನಮ್ಮ ಮನೆಯ ಹಿಂದಿನ ಬೀದಿಯವನು, ಹತ್ತು ವರ್ಷದಿಂದ ಅಲ್ಲೇ ಇದ್ದಾನೆ, ಒಮ್ಮೆಯೂ ಮಾತನಾಡಿರಲಿಲ್ಲ. ಆ ಚಳಿಯಲ್ಲಿ ಒಂದೇ ರಜಾಯಿ ಹೊದ್ದು ಮ್ಯಾಗಿ ತಿಂದು, ಊರಿಗೆ ಹೋದ ಮೇಲೆ ವಾರಕ್ಕೊಮ್ಮೆ ಸೇರೋಣ ಎಂದು ಆಣೆ ಮಾಡಿಕೊಂಡೆವು. ಐದು ವರ್ಷದಲ್ಲಿ ಮೂರು ಸಲ ಭೇಟಿಯಾಗಿದೆ. ಮೂರೂ ಸಲ ಅವರ ಮನೆಯ ಬಚ್ಚಲಿನ ನೀರು ನಮ್ಮ ಹಿತ್ತಿಲಿಗೆ ಬರುವ ವಿಚಾರವಾಗಿ.

ಮೇಷ್ಟ್ರು ಗೆದ್ದವರ ಹಾಗೆ ಕುರ್ಚಿಗೆ ಒರಗಿದರು. ಆಗಲೇ ಹೊರಗೆ ಬೈಕಿನ ಸದ್ದಾಯಿತು. ಎರಡು ಪೆಟ್ಟಿಗೆ, ಹಳದಿ ಟಾರ್ಪಾಲು. ಎಡಗೈಗೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ.

ಆಲ್ದೂರಿನವರೆಗೆ ಹೋಗಿದ್ದನಂತೆ. ಮೊಬೈಲಿನ ನಕ್ಷೆ ನೋಡೋಣವೆಂದರೆ ಒದ್ದೆ ಬೆರಳಿಗೆ ಪರದೆ ಅಲುಗಲಿಲ್ಲ. ಅಂಗಡಿಯ ಮುಂದೆ ಕೂತಿದ್ದ ನಾಲ್ಕು ಜನರನ್ನು ದಾರಿ ಕೇಳಿದನಂತೆ. ಅವರೂ ನಮ್ಮಂಥವರೇ ಇರಬೇಕು, ಎಲ್ಲರ ಮಾತನ್ನೂ ಪಾಲಿಸುತ್ತ ಒಂದೂವರೆ ಗಂಟೆಯಲ್ಲಿ ಮತ್ತೆ ಇಲ್ಲಿಗೇ ಬಂದು ತಲುಪಿದ್ದಾನೆ.

ರೈಟರು ನಿನ್ನೆಯ ಪೇಪರಿನ ಹಿಂದೆ ಮರೆಯಾದರು. ಇಸ್ಮಾಯಿಲಣ್ಣ ಮೊಳೆಯಿಂದ ಗವಸು ತೆಗೆದುಕೊಟ್ಟ. ಅವನು ಅದನ್ನು ಹಾಕಿಕೊಳ್ಳಲಿಲ್ಲ. ಸುರೇಶನನ್ನು ಗುರುತು ಹಿಡಿದು ಕೇಳಿದ: "ಬಿಸಿನೀರಿದೆ ಎಂದಿರಲ್ಲ, ಇದೆಯೇ?"

ಸುರೇಶನ ಮುಖ ಬಿಳಿಚಿತು. ಕರೆಂಟ್ ಹೋಗಿ ಎರಡು ದಿನವಾಗಿದೆ, ಹಂಡೆಯ ಒಲೆಗೆ ಸೌದೆ ಒದ್ದೆ. "ಇದೆ, ಇದೆ, ಅರ್ಧ ಗಂಟೆ ಇಲ್ಲೇ ಕೂತಿರಿ" ಎಂದವನು ಇಸ್ಮಾಯಿಲಣ್ಣನ ಒಂದು ಹಳೆಯ ಟಯರನ್ನು, ಅಂದರೆ ನಾನು ಕೂತಿದ್ದ ಟಯರನ್ನೇ, ಎಳೆದುಕೊಂಡು ಕೊಡೆಯಿಲ್ಲದೆ ಓಡಿದ. ಒಲೆ ಹೊತ್ತಿಸಲು ಅದಕ್ಕಿಂತ ಒಳ್ಳೆಯದಿಲ್ಲವಂತೆ.

ಖಾಲಿಯಾದ ಆಯಿಲ್ ಡಬ್ಬದ ಮೇಲೆ ಗುಜರಾತಿನವನು ಕೂತ. ನಾನು ನಿಂತೆ. ಸ್ವಲ್ಪ ಹೊತ್ತು ಮಳೆಯ ಸದ್ದು ಬಿಟ್ಟರೆ ಯಾರೂ ಮಾತಿಲ್ಲ. ರೈಟರಿಗೆ ತಡೆಯಲಾಗಲಿಲ್ಲ. ಪೇಪರನ್ನು ಇಷ್ಟೇ ಇಷ್ಟು ಕೆಳಗಿಳಿಸಿ, ತಮಗೆ ಬರುವ ಹಿಂದಿಯಲ್ಲಿ ಕೇಳಿದರು: "ಆಲ್ದೂರಿನ ರಸ್ತೆ ಹೇಗಿತ್ತು?"

ಅವನು ಗಡ್ಡ ಹಿಂಡಿಕೊಂಡ. ಆ ಒಂದೂವರೆ ಗಂಟೆಯಲ್ಲಿ ದಾರಿಯುದ್ದಕ್ಕೂ ಕೇಳಿ ಕಲಿತ ಒಂದೇ ಒಂದು ಕನ್ನಡ ಪದ ಅವನಲ್ಲಿತ್ತು.

"ಪರವಾಗಿಲ್ಲ" ಎಂದ.